ಮಾನ್ಯಖೇಟದ ಪುಷ್ಪದಂತ ಕವಿಯ ಮನೆತನವೂ ಯಶೋಧರನ ಕಥೆಯೂ

ಪ್ರಾಣಿಗಳಿಗೂ ಹಕ್ಕುಗಳುಂಟೆಂಬ ವಿಚಾರವು ಪಶ್ಚಿಮದಿಂದ ಬಂದದ್ದೆಂದು ವಿದ್ಯಾವಂತರಾದ ನಮ್ಮಲ್ಲನೇಕರು ನಂಬಿರುವರು. ಈ ನಂಬಿಕೆಗೆ ಕಾರಣವಿಲ್ಲದಿಲ್ಲ. ಹೆನ್ರಿ ಸಾಲ್ಟನೆಂಬ ಆಂಗ್ಲ ಲೇಖಕನು ಕ್ರಿ. ಶ. ೧೮೯೨ರಲ್ಲಿ ಪ್ರಾಣಿಗಳ ಹಕ್ಕುಗಳನ್ನು ಕುರಿತೇ ಒಂದು ಗ್ರಂಥವನ್ನು ಬರೆದನು. ಅವನು ೧೮೫೧ರಲ್ಲಿ ನಮ್ಮ ದೇಶದ ನೈನಿತಾಲದಲ್ಲಿ ಹುಟ್ಟಿದವನು; ತಂದೆಯು ಬಂಗಾಳದ ತೋಪಖಾನೆಯ ಸೈನ್ಯಾಧಿಕಾರಿ; ತಾನು ಓದಿದ ಈಟನ್ ವಿದ್ಯಾಶಾಲೆಯಲ್ಲಿಯೇ ಉಪಾಧ್ಯಾಯನಾಗಿದ್ದು, ಆ ಸುಖಜೀವನವನ್ನು ಬಿಟ್ಟು ಸರಳಜೀವನಕ್ಕಿಳಿದವನು. ಮಾಂಸಾಹಾರನಿಷೇಧವನ್ನು ಕುರಿತು ಅವನು ಬರೆದ ಚಿಕ್ಕ ಪುಸ್ತಕವನ್ನೋದಿ ಮಹಾತ್ಮಾ ಗಾಂಧಿಯವರ ಮನಸ್ಸು ದೃಢವಾಯಿತೆಂಬುದು ಅವರ ಆತ್ಮಕಥೆಯನ್ನೋದಿದವರಿಗೆಲ್ಲ ಗೊತ್ತು. ಅವನಿಗಿಂತ ನೂರಕ್ಕೂ ಹೆಚ್ಚು ವರ್ಷ ಮೊದಲು, ೧೭೭೬ರಲ್ಲಿ, ಹಂಫ್ರಿ ಪ್ರೈಮಟ್ ಎಂಬ ಪಾದ್ರಿಯು ಮೂಕಪ್ರಾಣಿಗಳಲ್ಲಿ ಕ್ರೌರ್ಯವು ಪಾಪವೆಂದು ಪುಸ್ತಕ ಬರೆದನು. ಇಂಥವರ ತಂದೆತಾಯಿಗಳಾರು, ಮನೆತನವಾವುದು, ಈ ದಯೆಯು ಅವರಲ್ಲಿ ಎಲ್ಲಿಂದ ಮೂಡಿತು ಎಂಬುದನ್ನೆಲ್ಲ ಆ ದೇಶದವರು ಶ್ರದ್ಧೆಯಿಂದ ಶೋಧಿಸಿ ಬರೆದಿಟ್ಟಿರುವರು. ಇದು ಮೆಚ್ಚತಕ್ಕ ಸಂಗತಿ.

ಆದರೆ ಸೇಡಮ್ಮು, ಕೋಡ್ಲಾ, ಚಿತ್ತಾಪುರಗಳ ಕಡೆಯವರಾದ ನಾವು, ನಮ್ಮ ಮಗ್ಗುಲಲ್ಲಿಯೇ ಕಾಗಿಣಾ ನದಿಯ ದಂಡೆಯ ಮೇಲೆ ಒಂದು ಸಾವಿರ ವರ್ಷಗಳ ಹಿಂದೆ ಕುಳಿತು, ಒಂದು ಹಿಟ್ಟಿನ ಕೋಳಿಯನ್ನು ಕಡಿಯುವುದೂ ಹಿಂಸೆಯೇ ಎಂದು ಕಾವ್ಯ ಬರೆದವನೊಬ್ಬನ ಹೆಸರನ್ನಾದರೂ ಬಲ್ಲೆವೆ? ವಾಡಿಯಿಂದ ಸಿಕಂದರಾಬಾದಿಗೆ ಹೋಗುವ ರೈಲಿನಲ್ಲಿ ಮಳಖೇಡ ರೋಡ್ ಎಂಬ ನಿಲ್ದಾಣವನ್ನು ದಾಟುವಾಗ ನೃಪತುಂಗನನ್ನು ನೆನೆಯುವವರುಂಟು. ಕವಿರಾಜಮಾರ್ಗವನ್ನು ನೆನೆಯುವವರೂ ಉಂಟು. ಪುಷ್ಪದಂತನನ್ನು ನೆನೆಯುವವರು ವಿರಳ. ಅದಕ್ಕೆ ಮುಖ್ಯ ಕಾರಣವೆಂದರೆ ಅವನು ಕನ್ನಡದಲ್ಲಿ ಬರೆಯದೆ ಅಪಭ್ರಂಶದಲ್ಲಿ ಬರೆದದ್ದು. ಕನ್ನಡಿಗರು ಅವನನ್ನು ಹಿಂದಿಯವರಿಗೆ ಬಿಟ್ಟುಕೊಟ್ಟರು. ಹಿಂದಿಯ ವಿದ್ವಾಂಸರು ತಮ್ಮ ಭಾಷೆಯ ಪೂರ್ವಜರ ಸಾಲಿನಲ್ಲಿ ಅವನನ್ನು ಆದರದಿಂದ ಕೂರಿಸಿಕೊಂಡರು. ಅವನು ಉಂಡ ಅನ್ನ ಮಾತ್ರ ಮಾನ್ಯಖೇಟದ್ದು.

ಅವನ ಮನೆತನದ ವಿಚಾರವನ್ನು ಅವನೇ ಹೇಳಿಕೊಂಡಿರುವನು. ‘ಣಾಯಕುಮಾರಚರಿಉ’ ಎಂಬ ತನ್ನ ಕಾವ್ಯದ ಕೊನೆಯಲ್ಲಿ ಅವನು ತಂದೆತಾಯಿಗಳನ್ನು ಸ್ಮರಿಸುತ್ತಾನೆ. ತಂದೆಯು ಕೇಶವಭಟ್ಟ, ತಾಯಿಯು ಮುಗ್ಧಾದೇವಿ. ಕಾಶ್ಯಪಗೋತ್ರದ ಬ್ರಾಹ್ಮಣರು, ಶಿವಭಕ್ತರು. ಗುರುವೊಬ್ಬನ ಉಪದೇಶವು ಅವರ ಕಿವಿದುಂಬಿ, ಕೊನೆಗೆ ಅವರಿಬ್ಬರೂ ಜಿನಸಂನ್ಯಾಸವಿಧಿಯಿಂದ ದೇಹ ಬಿಟ್ಟರೆಂದು ಕವಿಯು ತಿಳಿಸಿ, ಅವರಿಗೆ ಸುಖವಾಗಲೆಂದು ಹಾರೈಸುತ್ತಾನೆ. ಇಷ್ಟೇ. ಆದರೆ ಈ ಕೆಲವೇ ಮಾತುಗಳಲ್ಲಿ ಒಂದು ಮನೆಯೊಳಗಿನ ದೊಡ್ಡ ಪಲ್ಲಟವು ಅಡಗಿದೆ. ಶಿವಭಕ್ತರಾಗಿ ಬದುಕಿದವರು ಜಿನಭಕ್ತರಾಗಿ ಸತ್ತರು. ಮಗನು ಅದನ್ನು ಮರೆಮಾಚಲಿಲ್ಲ, ಹಳೆಯ ಭಕ್ತಿಯನ್ನು ಹಳಿಯಲೂ ಇಲ್ಲ. ತಾಯಿತಂದೆಗಳು ಶಿವಭಕ್ತರಾಗಿದ್ದರೆಂದು ಹೇಳುವಾಗ ಅವನ ಮಾತಿನಲ್ಲಿ ನಾಚಿಕೆ ತೋರದು.

ಇಂಥ ಪಲ್ಲಟವು ಆ ಶತಮಾನದಲ್ಲಿ ಅಪೂರ್ವವಾದುದೇನೂ ಅಲ್ಲ. ನಮ್ಮ ಆದಿಕವಿ ಪಂಪನ ವಂಶವೂ ಬ್ರಾಹ್ಮಣ ವಂಶವೇ. ಅವನ ತಂದೆಯಾದ ಅಭಿರಾಮದೇವರಾಯನು ಜಿನಧರ್ಮವನ್ನು ಸ್ವೀಕರಿಸಿದನು. ವೈದಿಕ ಯಜ್ಞಕರ್ಮದ ಮನೆಗಳಿಂದಲೇ ಹಿಂಸೆಯನ್ನೊಲ್ಲದ ಕವಿಗಳು ಹುಟ್ಟಿ ಬಂದದ್ದು ಗಮನಿಸತಕ್ಕ ಸಂಗತಿ. ಹೊರಗಿನವನು ಒಂದು ಆಚಾರವನ್ನು ಖಂಡಿಸುವುದು ಬೇರೆ. ಅಜ್ಜ ಮುತ್ತಜ್ಜರ ಆಚಾರವನ್ನು ಮೊಮ್ಮಗನು ತೂಗಿನೋಡುವುದು ಬೇರೆ. ಎರಡನೆಯದರಲ್ಲಿ ನೋವು ಹೆಚ್ಚು. ಪುಷ್ಪದಂತನ ಕಥೆಯಲ್ಲಿ ಬಲಿಯನ್ನು ಕೊಡಿಸುವವಳು ಶತ್ರುವಲ್ಲ, ಹೆತ್ತ ತಾಯಿ ಎಂಬುದನ್ನು ಮುಂದೆ ಕಾಣುವೆವು.

ಕವಿಯು ತನ್ನ ರೂಪವನ್ನೂ ವರ್ಣಿಸಿಕೊಂಡಿದ್ದಾನೆ. ಕಪ್ಪು ಮೈ, ಕೃಶವಾದ ಶರೀರ, ಚೆಲುವಿಲ್ಲದ ಮುಖ, ಆದರೂ ನಗೆಮೊಗದವನು. ಮನೆಯಿಲ್ಲ, ಮಡದಿಯಿಲ್ಲ, ಮಕ್ಕಳಿಲ್ಲ. ಇಷ್ಟು ಬಡವನಾದವನು ತನಗೆ ಇಟ್ಟುಕೊಂಡ ಬಿರುದಾದರೋ ‘ಅಭಿಮಾನಮೇರು’! ‘ಕಾವ್ಯಪಿಶಾಚ’ನೆಂಬುದು ಇನ್ನೊಂದು. ನಮ್ಮ ಕವಿಗಳ ಬಿರುದಾವಳಿಗಳನ್ನು ಕೇಳಿ ಬೇಸತ್ತ ವಾಚಕರಿಗೆ ಈ ಎರಡನೆಯ ಬಿರುದು ಸ್ವಲ್ಪ ಹಿಡಿಸೀತು.

ಅವನು ಮಾನ್ಯಖೇಟಕ್ಕೆ ಬಂದ ಬಗೆಯನ್ನು ‘ಮಹಾಪುರಾಣ’ದ ಆರಂಭದಲ್ಲಿ ಹೇಳಿರುವನು. ದೂರದ ದಾರಿ ನಡೆದು ಬಳಲಿ, ಊರ ಹೊರಗಿನ ತೋಪಿನಲ್ಲಿ ವಿಶ್ರಮಿಸುತ್ತಿದ್ದನು. ಅಮ್ಮಯ್ಯ, ಇಂದ್ರರಾಯರೆಂಬಿಬ್ಬರು ಬಂದು, ಇಷ್ಟು ದೊಡ್ಡ ಪಟ್ಟಣವಿರುವಾಗ ಇಲ್ಲೇಕೆ ಕುಳಿತೆಯೆಂದು ಕೇಳಿದರು. ದುರ್ಜನರ ಹುಬ್ಬುಗಂಟನ್ನು ನೋಡುವುದಕ್ಕಿಂತ ಬೆಟ್ಟದ ಗವಿಯಲ್ಲಿ ಸಾಯುವುದೇ ಲೇಸೆಂಬುದು ಅವನು ಕೊಟ್ಟ ಉತ್ತರದ ತಾತ್ಪರ್ಯ. ಹಿಂದೆ ಅವನು ಭೈರವನೆಂಬ ಅರಸನ ಆಶ್ರಯದಲ್ಲಿದ್ದು, ಅವನನ್ನು ಹೊಗಳಿ ಬರೆದು, ಮನಸ್ಸು ಮುರಿದು ಬಂದವನು. ಆ ಇಬ್ಬರು ಅವನನ್ನು ಒಪ್ಪಿಸಿ, ಮಂತ್ರಿಯಾದ ಭರತನ ಮನೆಗೆ ಕರೆತಂದರು.

ಹೀಗೆ ಸ್ವಂತ ಮನೆಯಿಲ್ಲದವನಿಗೆ ಒಂದು ಮನೆತನ ದೊರೆಯಿತು. ಪುಷ್ಪದಂತನ ಮನೆತನವೆಂದರೆ ಹೆತ್ತವರದು ಅರ್ಧ, ಪೋಷಿಸಿದವರದು ಅರ್ಧ ಎಂದು ನಮ್ಮ ಅಭಿಪ್ರಾಯ. ಭರತನು ರಾಷ್ಟ್ರಕೂಟ ಚಕ್ರವರ್ತಿಯಾದ ಮೂರನೆಯ ಕೃಷ್ಣನ ಮಂತ್ರಿ. ಕೌಂಡಿನ್ಯಗೋತ್ರದ ವಂಶದವನು, ಜಿನಭಕ್ತನು. ಅವನ ಹೆಂಡತಿಯ ಹೆಸರು ಕುಂದವ್ವೆ. ಮಕ್ಕಳು ಏಳು ಜನ. ಅವರಲ್ಲಿ ಣಣ್ಣ, ದಂಗಯ್ಯ, ಸಂತಯ್ಯ ಎಂಬ ಹೆಸರುಗಳು ಬರುತ್ತವೆ. ಕುಂದವ್ವೆ, ಅಮ್ಮಯ್ಯ, ದಂಗಯ್ಯ, ಸಂತಯ್ಯ! ಅಪಭ್ರಂಶ ಕಾವ್ಯದ ನಡುವೆ ಈ ಅವ್ವ ಅಯ್ಯಂದಿರು ಎದ್ದು ಬಂದಾಗ, ಕವಿಯ ಸುತ್ತಲಿನ ಮನೆಮಾತು ಯಾವುದಾಗಿದ್ದಿತೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ‘ಣಣ್ಣ’ನೆಂಬುದೂ ನಮ್ಮ ‘ನನ್ನ’ನೇ, ಅಪಭ್ರಂಶದ ನಾಲಗೆಯಲ್ಲಿ ನಕಾರವು ಣಕಾರವಾಯಿತಷ್ಟೆ.

ಭರತನ ಮನೆಯಲ್ಲಿ ಕುಳಿತು ಕವಿಯು ಮಹಾಪುರಾಣವನ್ನು ಸಿದ್ಧಾರ್ಥಿ ಸಂವತ್ಸರದಲ್ಲಿ, ಎಂದರೆ ಕ್ರಿ. ಶ. ೯೫೯ರಲ್ಲಿ, ಪ್ರಾರಂಭಿಸಿದನು. ಆದಿಪುರಾಣದ ಭಾಗವು ಮುಗಿಯುತ್ತಲೇ ಅವನಿಗೆ ಏನೋ ಜಿಗುಪ್ಸೆಯುಂಟಾಗಿ ಬರವಣಿಗೆ ನಿಂತಿತು. ಕನಸಿನಲ್ಲಿ ಸರಸ್ವತಿ ಬಂದಳೆಂದೂ, ಭರತನು ಬಂದು ಬೇಡಿಕೊಂಡನೆಂದೂ, ಆ ಮೇಲೆ ಮುಂದುವರಿಸಿದನೆಂದೂ ಅವನೇ ಬರೆದಿರುವನು. ನೂರೆರಡು ಸಂಧಿಗಳ ಆ ಮಹಾಕೃತಿಯು ಕ್ರೋಧನ ಸಂವತ್ಸರದಲ್ಲಿ, ೯೬೫ರಲ್ಲಿ, ಮುಗಿಯಿತು. ನಮ್ಮ ಪ್ರಕೃತ ವಿಷಯಕ್ಕೆ ಈ ಗ್ರಂಥದ ಸಂಬಂಧ ಕಡಿಮೆ; ಆದುದರಿಂದ ಅದನ್ನಿಲ್ಲಿಗೆ ಬಿಡೋಣ.

ಆದರೆ ೯೫೯ರ ವಿಷಯದಲ್ಲಿ ಒಂದು ಮಾತು. ಅದೇ ಸಿದ್ಧಾರ್ಥಿ ಸಂವತ್ಸರದ ಚೈತ್ರದಲ್ಲಿ, ಮೂರನೆಯ ಕೃಷ್ಣನು ದಕ್ಷಿಣದ ದಂಡಯಾತ್ರೆಯಲ್ಲಿ ಮೇಲ್ಪಾಟಿಯಲ್ಲಿ ಬೀಡುಬಿಟ್ಟಿದ್ದಾಗ, ಅವನ ಸಾಮಂತನಾದ ವೇಮುಲವಾಡದ ಚಾಲುಕ್ಯ ಅರಿಕೇಸರಿಯ ಮಗನ ಆಶ್ರಯದಲ್ಲಿ, ಗಂಗಾಧರವೆಂಬ ಊರಿನಲ್ಲಿ ಸೋಮದೇವಸೂರಿಯು ‘ಯಶಸ್ತಿಲಕ’ವೆಂಬ ಸಂಸ್ಕೃತ ಚಂಪುವನ್ನು ಮುಗಿಸಿದನು. ಪಂಪನಿಗೆ ಆಶ್ರಯವಿತ್ತ ರಾಜಮನೆತನವೇ ಅದು. ಯಶಸ್ತಿಲಕದ ಕಥೆಯೂ ಯಶೋಧರನ ಕಥೆಯೇ. ಒಬ್ಬನೇ ಚಕ್ರವರ್ತಿಯ ಆಳಿಕೆಯ ನೆರಳಿನಲ್ಲಿ, ಕೆಲವೇ ವರ್ಷಗಳ ಅಂತರದಲ್ಲಿ, ಎರಡು ಭಾಷೆಗಳಲ್ಲಿ, ಪ್ರಾಣಿಬಲಿಯನ್ನು ನಿಷೇಧಿಸುವ ಒಂದೇ ಕಥೆಯು ಎರಡು ಸಲ ಬರೆಯಲ್ಪಟ್ಟಿತು. ಆ ಚಕ್ರವರ್ತಿಯಾದರೋ ಚೋಳರನ್ನು ತಕ್ಕೋಲದಲ್ಲಿ ಮುರಿದ ಮಹಾಯೋಧನು. ಮನುಷ್ಯರ ರಕ್ತ ಹರಿದ ಕಾಲದಲ್ಲಿ ಕೋಳಿಯ ರಕ್ತಕ್ಕಾಗಿ ಮರುಗಿದರೆಂದು ಕೆಲವರು ನಗಬಹುದು. ನಗುವವರು ನಗಲಿ. ಕತ್ತಿಯ ಕಾಲದಲ್ಲಿಯೇ ಕತ್ತಿಯ ವಿಚಾರ ಮೂಡುವುದು ಸಹಜವೆಂದು ನಮಗೆ ತೋರುತ್ತದೆ.

ಇನ್ನು ಮಾನ್ಯಖೇಟಕ್ಕೆ ಬಂದ ಗತಿ. ೯೭೨ರಲ್ಲಿ ಮಾಳವದ ಪರಮಾರ ಸೀಯಕನು ದಂಡೆತ್ತಿ ಬಂದು ಪಟ್ಟಣವನ್ನು ಸೂರೆಗೊಂಡನು. ಧನಪಾಲನೆಂಬ ಕವಿಯು ತನ್ನ ಪ್ರಾಕೃತ ನಿಘಂಟುವನ್ನು ಬರೆದ ಕಾಲವನ್ನು ಹೇಳುವಾಗ, ವಿಕ್ರಮ ಶಕ ೧೦೨೯ರಲ್ಲಿ ಮಾಳವರು ಮಾನ್ಯಖೇಟವನ್ನು ಕೊಳ್ಳೆಹೊಡೆದ ಸಂಗತಿಯನ್ನೇ ಗುರುತಾಗಿ ಕೊಟ್ಟಿರುವನು. ಗೆದ್ದವರ ಕಡೆಯವನ ಸಾಕ್ಷ್ಯವಿದು. ಸೋತವರ ಕಡೆಯ ಸಾಕ್ಷ್ಯ ಪುಷ್ಪದಂತನದು. ಮಹಾಪುರಾಣದ ಕೆಲವು ಹಸ್ತಪ್ರತಿಗಳಲ್ಲಿ ಸಂಧಿಯೊಂದರ ಮೊದಲಿಗೆ ಒಂದು ಸಂಸ್ಕೃತ ಪದ್ಯವಿದೆ. ದೀನರಿಗೂ ಅನಾಥರಿಗೂ ಧನವಾಗಿದ್ದ, ಹೂದೋಟಗಳಿಂದ ತುಂಬಿದ್ದ ಮಾನ್ಯಖೇಟವು ಧಾರಾಧಿಪತಿಯ ಕೋಪಾಗ್ನಿಯಲ್ಲಿ ಬೆಂದುಹೋಯಿತು, ಇನ್ನು ಪುಷ್ಪದಂತನು ಎಲ್ಲಿ ವಾಸಿಸಬೇಕು ಎಂಬುದು ಅದರ ಅಭಿಪ್ರಾಯ. ಗ್ರಂಥವು ೯೬೫ರಲ್ಲಿಯೇ ಮುಗಿದುದರಿಂದ, ಈ ಪದ್ಯವನ್ನು ಆಮೇಲೆ ಪ್ರತಿಯಲ್ಲಿ ಸೇರಿಸಿದ್ದೆಂದು ತಿಳಿಯಬೇಕಾಗುತ್ತದೆ.

ಭರತನ ತರುವಾಯ ಮಗನಾದ ಣಣ್ಣನು ಕವಿಯನ್ನು ಸಲಹಿದನು. ಅವನ ಮನೆಯಲ್ಲಿದ್ದುಕೊಂಡು ಕವಿಯು ‘ಜಸಹರಚರಿಉ’ವನ್ನು, ಎಂದರೆ ಯಶೋಧರಚರಿತವನ್ನು, ನಾಲ್ಕು ಸಂಧಿಗಳಲ್ಲಿ ರಚಿಸಿದನು. ಹೆಣ್ಣು ಹೊನ್ನುಗಳ ಕಥೆ ಇನ್ನು ಸಾಕು, ಧರ್ಮದ ಕಥೆಯನ್ನು ಹೇಳುವೆನೆಂದು ಆರಂಭಿಸುತ್ತಾನೆ. ಅದರ ಕೊನೆಯಲ್ಲಿ ಕಾಲಸ್ಥಿತಿಯ ಒಂದು ಚಿತ್ರವುಂಟು. ಅದನ್ನೋದಿದಾಗ ಎದೆ ಝಲ್ಲೆನ್ನುತ್ತದೆ. ನಾಡು ಬತ್ತಿಹೋಗಿದೆ; ಹಸಿವು ಹಬ್ಬಿದೆ; ತಲೆಬುರುಡೆಗಳೂ ಮನುಷ್ಯರ ಎಲುಬುಗೂಡುಗಳೂ ಬಿದ್ದಿವೆ; ಇಂಥ ಘೋರಕಾಲದಲ್ಲಿ ಣಣ್ಣನು ತನಗೆ ಒಳ್ಳೆಯ ಮನೆಯನ್ನೂ ಸವಿಯಾದ ಊಟವನ್ನೂ ಬಟ್ಟೆಯನ್ನೂ ಕೊಟ್ಟು ಕಾಪಾಡಿದನೆಂದು ಕೃತಜ್ಞತೆಯಿಂದ ಹೇಳುತ್ತಾನೆ. ಇದು ೯೭೨ರ ಸೂರೆಯ ಬೆನ್ನಿಗೆ ಬಂದ ಬರವಾಗಿರಬಹುದೆಂದು ಊಹಿಸಲು ಎಡೆಯಿದೆ.

ವಾಚಕರು ಇಲ್ಲಿ ಕ್ಷಣಕಾಲ ನಿಲ್ಲಬೇಕೆಂದು ನಮ್ಮ ಪ್ರಾರ್ಥನೆ. ಹೊರಗೆ ಮನುಷ್ಯನೇ ಮನುಷ್ಯನ ಕೈಯ ತುತ್ತನ್ನು ಕಸಿಯುವ ಕಾಲ. ಅಂಥ ಕಾಲದಲ್ಲಿ ದಯೆಯನ್ನು ಕುರಿತು ಬರೆಯುವುದು ಉಂಡವನ ವಿಲಾಸವೆಂದು ಒಬ್ಬನು ಆಕ್ಷೇಪಿಸಬಹುದು. ಕವಿಗೆ ಈ ಆಕ್ಷೇಪದ ಅರಿವು ಇದ್ದಿತೆಂದೇ ನಾವು ತಿಳಿಯುತ್ತೇವೆ. ಇಲ್ಲವಾದರೆ ತಾನು ಯಾರ ಮನೆಯ ಅನ್ನ ಉಂಡು ಇದನ್ನು ಬರೆದೆನೆಂಬುದನ್ನು ಎಲುಬುಗೂಡುಗಳ ವರ್ಣನೆಯ ಪಕ್ಕದಲ್ಲಿಯೇ ಇಡುತ್ತಿರಲಿಲ್ಲ. ದಯಾಕಾವ್ಯವನ್ನು ಬರೆದವನು ಸ್ವತಃ ದಯೆಯಿಂದ ಬದುಕಿದವನಾಗಿದ್ದನು.

ಕಥೆಯು ನಮ್ಮವರಿಗೆ ಜನ್ನನಿಂದ ಪರಿಚಿತವಾದುದೇ, ಸಂಕ್ಷೇಪವಾಗಿ ಹೇಳುವೆವು. ರಾಜಪುರದ ಅರಸು ಮಾರಿದತ್ತನು ಚಂಡಮಾರಿದೇವಿಗೆ ಸಕಲ ಜೀವಜಾತಿಗಳ ಜೋಡಿಗಳನ್ನು ಬಲಿಕೊಡಲು ಹೊರಟಿದ್ದಾನೆ. ಮನುಷ್ಯರ ಜೋಡಿಗಾಗಿ ಭಟರು ಅಭಯರುಚಿ, ಅಭಯಮತಿಯರೆಂಬ ಅಣ್ಣತಂಗಿಯರನ್ನು ಹಿಡಿದುತರುತ್ತಾರೆ. ಅವರು ಎಳೆಯ ವಯಸ್ಸಿನ ಜೈನವ್ರತಿಗಳು. ಕತ್ತಿಯ ಮುಂದೆ ನಿಂತ ಆ ಹುಡುಗನು ತಮ್ಮ ಹಿಂದಿನ ಜನ್ಮಗಳ ಕಥೆಯನ್ನು ಹೇಳುತ್ತಾನೆ. ತಾನು ಉಜ್ಜಯಿನಿಯ ಅರಸು ಯಶೋಧರ. ಈ ತಂಗಿಯೇ ಆಗ ತಾಯಿಯಾದ ಚಂದ್ರಮತಿ. ರಾಣಿಯಾದ ಅಮೃತಮತಿಯು ವಿಕಾರರೂಪದ ಒಬ್ಬ ಸೇವಕನಿಗೆ ಒಲಿದುದನ್ನು ಕಣ್ಣಾರೆ ಕಂಡು ಮನಸ್ಸು ಕೆಟ್ಟ ಯಶೋಧರನು, ಕೆಟ್ಟ ಕನಸು ಕಂಡೆನೆಂದು ತಾಯಿಗೆ ನೆವ ಹೇಳಿದನು. ಶಾಂತಿಗಾಗಿ ದೇವಿಗೆ ಪಶುವನ್ನು ಕೊಡೆಂದು ತಾಯಿ ಹೇಳಿದಳು. ಕೊಲ್ಲಲಾರೆನೆಂದು ಮಗನು ಹಟಹಿಡಿದನು. ತಾಯಿಯ ಮಾತನ್ನು ತೆಗೆದುಹಾಕಲಾರದೆ, ಜೀವವನ್ನು ಕೊಲ್ಲಲೂ ಆರದೆ, ಕಡೆಗೆ ಹಿಟ್ಟಿನಿಂದ ಒಂದು ಹುಂಜವನ್ನು ಮಾಡಿಸಿ ಅದನ್ನು ಕಡಿದರು. ಅದೇ ಕಾಲಕ್ಕೆ ರಾಣಿಯು ತಾಯಿಮಗ ಇಬ್ಬರಿಗೂ ವಿಷವಿಟ್ಟು ಕೊಂದಳು. ಆ ಮೇಲೆ ಅವರಿಗೆ ನಾಯಿ, ನವಿಲು, ಹಾವು, ಮೀನು, ಆಡು, ಕೋಣ, ಕೋಳಿ ಮುಂತಾಗಿ ಜನ್ಮದ ಮೇಲೆ ಜನ್ಮ. ಎಲ್ಲದರಲ್ಲಿಯೂ ಕೊಲೆಯಾಗಿಯೇ ಸಾವು.

ಈ ಪಶುಜನ್ಮಗಳ ಭಾಗವೇ ಕಾವ್ಯದ ಜೀವಾಳ. ತಂದೆಯ ಶ್ರಾದ್ಧಕ್ಕೆಂದು ಮಗನು ಒಂದು ಪ್ರಾಣಿಯನ್ನು ಕೊಲ್ಲಿಸಿ, ಅದರ ಮಾಂಸವನ್ನು ತಂದೆಯ ತೃಪ್ತಿಗಾಗಿ ಬಡಿಸುತ್ತಾನೆ. ಕೊಲ್ಲಲ್ಪಟ್ಟ ಆ ಪ್ರಾಣಿಯೇ ತಂದೆ. ಮಗನಿಗೆ ಅದು ತಿಳಿಯದು. ಪ್ರಾಣಿಗೆ ತಿಳಿದೂ ಹೇಳಲಾರದು. ಪಶುವಿನ ಮೂಕತನವನ್ನು ಇದಕ್ಕಿಂತ ತೀಕ್ಷ್ಣವಾಗಿ ತೋರಿಸಿದ ಉಪಾಯವನ್ನು ನಾವು ಬೇರೆಲ್ಲಿಯೂ ಕಂಡಿಲ್ಲ. ಪಶ್ಚಿಮದ ಲೇಖಕರು ಪ್ರಾಣಿಗೂ ನೋವಾಗುವುದೆಂದು ತರ್ಕದಿಂದ ಸಾಧಿಸಿದರು. ನಮ್ಮ ಕವಿಯು ತರ್ಕ ಮಾಡದೆ, ಓದುವವನನ್ನೇ ಆಡಿನ ಚರ್ಮದೊಳಗೆ ತುರುಕಿ, ಕತ್ತಿಯ ಕೆಳಗೆ ನಿಲ್ಲಿಸಿಬಿಡುತ್ತಾನೆ. ಹಕ್ಕೆಂಬ ಶಬ್ದ ಅವನಲ್ಲಿಲ್ಲ. ಅವನು ಆಡುವುದು ಪಾಪದ ಭಾಷೆ. ಪಾಪವೂ ಕೊಂದವನ ಗತಿಯನ್ನು ಕುರಿತದ್ದೇ ಹೊರತು ಕೊಲೆಯಾದುದರ ಅಧಿಕಾರವನ್ನು ಕುರಿತದ್ದಲ್ಲ. ಈ ಭೇದವನ್ನು ಒಪ್ಪಬೇಕು. ಆದರೆ ಆಡಿನೊಳಗೆ ಒಬ್ಬ ತಂದೆಯಿರಬಹುದೆಂದವನು ಆಡಿಗೆ ಕೊಟ್ಟ ಸ್ಥಾನವು, ಕಾಯಿದೆಗಳು ಕೊಡುವ ಸ್ಥಾನಕ್ಕಿಂತ ಕೀಳಲ್ಲ.

ಕಥೆಯಲ್ಲಿ ನಮಗೆ ಒಪ್ಪದ ಅಂಶವೂ ಒಂದುಂಟು. ರಾಣಿಯ ಪಾತ್ರವನ್ನು ನಡೆಸಿದ ರೀತಿ ಅದು. ಮೂಕಪ್ರಾಣಿಯ ಒಳಗನ್ನು ಇಷ್ಟು ಚೆನ್ನಾಗಿ ಹೊಕ್ಕು ನೋಡಿದ ಕವಿಗಳು ಆ ಹೆಂಗಸಿನ ಒಳಗನ್ನು ಹೊಕ್ಕು ನೋಡಲಿಲ್ಲ. ಈ ಕೊರತೆಯನ್ನು ಕನ್ನಡದಲ್ಲಿ ತುಂಬಿದವನು ಜನ್ನನು. ಅವನ ಅಮೃತಮತಿಯು ದುಷ್ಟೆಯೆನಿಸಿದರೂ ಮರೆಯಲಾಗದವಳು.

ಇನ್ನು ಹಿಟ್ಟಿನ ಹುಂಜದ ಪ್ರಶ್ನೆ. ಜೀವವಿಲ್ಲದ ಹಿಟ್ಟನ್ನು ಕತ್ತರಿಸಿದರೆ ಯಾವ ಪಾಪ? ಕೊಲ್ಲುವೆನೆಂಬ ಸಂಕಲ್ಪವೇ ಪಾಪವೆಂದು ಜೈನಕವಿಗಳ ಉತ್ತರ. ಕೈಯಲ್ಲಿ ಹಿಟ್ಟು, ಮನಸ್ಸಿನಲ್ಲಿ ಕೋಳಿ. ಮನಸ್ಸಿನ ಕೋಳಿ ಸತ್ತಿತು. ಈ ಉತ್ತರವು ಕಠಿಣವಾದುದು. ಇದನ್ನು ಯೋಚಿಸುವಾಗ ಮಳಖೇಡದ ಇನ್ನೊಂದು ಸಂಗತಿಯು ನಮಗೆ ಬಿಡದೆ ನೆನಪಾಗುವುದು. ಉತ್ತರಾದಿ ಮಠದವರು ಟೀಕಾಚಾರ್ಯರಾದ ಜಯತೀರ್ಥರ ಮೂಲವೃಂದಾವನವೆಂದು ಆರಾಧಿಸುವ ಸ್ಥಳವು ಇದೇ ಊರಿನಲ್ಲಿ, ಇದೇ ಕಾಗಿಣಾ ತೀರದಲ್ಲಿದೆ. ಜಯತೀರ್ಥರ ಪರಮಾಚಾರ್ಯರಾದ ಮಧ್ವರ ಸಂಪ್ರದಾಯವು ಯಜ್ಞದಲ್ಲಿ ಜೀವಂತ ಪಶುವಿಗೆ ಬದಲಾಗಿ ಪಿಷ್ಟಪಶುವನ್ನು, ಎಂದರೆ ಹಿಟ್ಟಿನ ಪಶುವನ್ನು, ಅಂಗೀಕರಿಸಿತು. ಒಂದೇ ಊರು, ಒಂದೇ ಹಿಟ್ಟು. ಒಬ್ಬರಿಗೆ ಅದು ಹಿಂಸೆಯ ಉಳಿಕೆ, ಮತ್ತೊಬ್ಬರಿಗೆ ಹಿಂಸೆಯಿಂದ ಬಿಡುಗಡೆ.

ಇವರಲ್ಲಿ ಯಾರು ಸರಿ? ಮತಾಭಿಮಾನವನ್ನು ಬದಿಗಿಟ್ಟು ಹೇಳುವುದಾದರೆ, ಪುಷ್ಪದಂತನ ಮಾತು ಮನಸ್ಸನ್ನು ಶುದ್ಧಮಾಡಲು ಹೊರಟದ್ದು. ಮಾಧ್ವರ ವಿಧಿಯು ಆಡಿನ ಕೊರಳನ್ನು ಉಳಿಸಲು ಹೊರಟದ್ದು. ಆಡನ್ನು ಕೇಳಿದರೆ ಅದು ಎರಡನೆಯದನ್ನೇ ಆರಿಸಿಕೊಂಡೀತೆಂದು ನಮಗನ್ನಿಸುತ್ತದೆ. ನಮ್ಮ ಮನೆಗಳಲ್ಲಿ ಆಯುಧಪೂಜೆಯ ದಿನ ಬೂದುಗುಂಬಳಕಾಯಿಗೆ ಕುಂಕುಮ ತುಂಬಿ ಒಡೆಯುವಾಗಲೂ ಇದೇ ಹಳೆಯ ವಾದವು ನಮಗರಿಯದಂತೆ ನಡೆದಿರುತ್ತದೆ. ಆ ಕೆಂಪು ಬಣ್ಣವು ಏತರ ಬದಲಿಗೆ ಬಂದದ್ದೆಂದು ಮಕ್ಕಳು ಕೇಳಿದರೆ ಹಿರಿಯರು ಮಾತು ಮರೆಸುವುದನ್ನು ನಾವು ನೋಡಿದ್ದೇವೆ. ಹಾಗೆ ಮಾತು ಮರೆಸುವಲ್ಲಿ ಪುಷ್ಪದಂತನ ಗೆಲುವು ಸ್ವಲ್ಪ ಇದ್ದೇ ಇದೆ. ಇತ್ತ ಸರಕಾರವು ೧೯೫೯ರ ಶಾಸನದಿಂದ ದೇವಸ್ಥಾನಗಳಲ್ಲಿಯೂ ಅವುಗಳ ಆವರಣದಲ್ಲಿಯೂ ಪ್ರಾಣಿಬಲಿಯನ್ನು ನಿಷೇಧಿಸಿತು. ಅದರ ಮರುವರ್ಷ, ೧೯೬೦ರಲ್ಲಿ, ರುಕ್ಮಿಣೀದೇವಿ ಅರುಂಡೇಲರ ಪ್ರಯತ್ನದ ಫಲವಾಗಿ ಕೇಂದ್ರದಲ್ಲಿ ಆದ ಪ್ರಾಣಿಕ್ರೌರ್ಯ ನಿವಾರಣ ಕಾಯಿದೆಯು ಮತವಿಧಿಗಾಗಿ ನಡೆಯುವ ಕೊಲೆಯನ್ನು ಅಪರಾಧದಿಂದ ಹೊರಗಿಟ್ಟಿತು. ಚಂದ್ರಮತಿ ಯಶೋಧರರ ಜಗಳ ಹೀಗೆ ಕಾಯಿದೆಯ ಪುಸ್ತಕವನ್ನೂ ಹೊಕ್ಕಿದೆ.

ಪುಷ್ಪದಂತನು ಈ ಕಥೆಯ ಮೊದಲಿಗನಲ್ಲ. ಎಂಟನೆಯ ಶತಮಾನದಲ್ಲಿಯೇ ಹರಿಭದ್ರನ ‘ಸಮರಾಇಚ್ಚಕಹಾ’ದಲ್ಲಿ ಇದು ಬಂದಿದೆ, ೭೭೯ರಲ್ಲಿ ‘ಕುವಲಯಮಾಲಾ’ವನ್ನು ಬರೆದ ಉದ್ದ್ಯೋತನಸೂರಿಯು ಪ್ರಭಂಜನನೆಂಬವನ ಯಶೋಧರಚರಿತವನ್ನು ಹೆಸರಿಸಿರುವನು. ಆದರೆ ಕನ್ನಡನಾಡಿನ ನೆಲದಲ್ಲಿ ಈ ಕಥೆಯು ಬೇರೂರಿದ್ದು ರಾಷ್ಟ್ರಕೂಟರ ಕೊನೆಯ ದಿನಗಳಲ್ಲಿ. ಹನ್ನೊಂದನೆಯ ಶತಮಾನದಲ್ಲಿ, ಚಾಲುಕ್ಯ ಜಯಸಿಂಹನ ಕಾಲದಲ್ಲಿದ್ದ ವಾದಿರಾಜನು ಸಂಸ್ಕೃತದಲ್ಲಿ ನಾಲ್ಕು ಸರ್ಗಗಳ ‘ಯಶೋಧರಚರಿತ’ವನ್ನು ಬರೆದನು. ಅದನ್ನು ಆಧರಿಸಿ ಜನ್ನನು ೧೨೦೯ರಲ್ಲಿ ಕನ್ನಡ ‘ಯಶೋಧರಚರಿತೆ’ಯನ್ನು ರಚಿಸಿದನು. ಪುಷ್ಪದಂತನಿಗೂ ಜನ್ನನಿಗೂ ನೇರವಾದ ನಂಟಿಲ್ಲ. ಒಂದೇ ಹೊಳೆಯ ಎರಡು ಕಾಲುವೆಗಳು.

ಆದರೂ ಇಬ್ಬರನ್ನೂ ಪಕ್ಕಪಕ್ಕದಲ್ಲಿ ನಿಲ್ಲಿಸಿ ನೋಡುವುದು ರಸಕರವಾಗಿದೆ. ಪುಷ್ಪದಂತನಿಗೆ ಮನೆಯಿಲ್ಲ, ಜನ್ನನಿಗೆ ಮನೆಯೇ ವಿದ್ಯಾಪೀಠ. ತಂದೆಯಾದ ಸುಮನೋಬಾಣನು ಹೊಯ್ಸಳ ನರಸಿಂಹನಲ್ಲಿ ಕಟಕೋಪಾಧ್ಯಾಯನು, ಸೋದರಿಯ ಗಂಡನು ‘ಸೂಕ್ತಿಸುಧಾರ್ಣವ’ವನ್ನು ಸಂಕಲಿಸಿದ ಮಲ್ಲಿಕಾರ್ಜುನ, ಸೋದರಳಿಯನು ‘ಶಬ್ದಮಣಿದರ್ಪಣ’ದ ಕೇಶಿರಾಜ. ವೀರಬಲ್ಲಾಳನಿಂದ ಕವಿಚಕ್ರವರ್ತಿಯೆಂಬ ಬಿರುದು ಪಡೆದು, ಸಂಪತ್ತಿನಲ್ಲಿ ಬಾಳಿದ ಅವನು, ತೋಪಿನಲ್ಲಿ ಬಳಲಿ ಕುಳಿತ ಬಡಕವಿಯ ಕಥೆಯನ್ನೇ ಹೇಳಲು ಆರಿಸಿಕೊಂಡನು. ಹಿಟ್ಟಿನ ಹುಂಜವು ಕತ್ತಿ ಬೀಳುತ್ತಲೇ ಕೂಗಿತೆಂದು ಜನ್ನನಲ್ಲಿ ಬರುವ ಸನ್ನಿವೇಶವನ್ನು ಓದಿದವರು ಮರೆಯಲಾರರು. ಸಂಕಲ್ಪಹಿಂಸೆಯ ಶಾಸ್ತ್ರವಾದವೆಲ್ಲ ಆ ಒಂದು ಕೂಗಿನಲ್ಲಿ ಕರಗಿಹೋಗುತ್ತದೆ. ಗಿರೀಶ ಕಾರ್ನಾಡರು ‘ಹಿಟ್ಟಿನ ಹುಂಜ’ವೆಂಬ ನಾಟಕವನ್ನು ಬರೆದು ೧೯೮೦ರಲ್ಲಿ ಪ್ರಕಟಿಸಿದಾಗ ಅವರಿಗೆ ಮೂಲವಾದದ್ದು ಜನ್ನನ ಈ ಕಾವ್ಯವೇ. ಅಲ್ಲಿ ರಾಣಿಗೆ ಕೊನೆಗೂ ತನ್ನ ಮಾತನ್ನು ತಾನೇ ಆಡುವ ಅವಕಾಶ ಸಿಕ್ಕಿತು.

ಅಪಭ್ರಂಶದ ಕಾವ್ಯವಾದರೋ ಉತ್ತರದ ದಾರಿ ಹಿಡಿಯಿತು. ಹದಿನೈದನೆಯ ಶತಮಾನದ ಗ್ವಾಲಿಯರದಲ್ಲಿ ರಇಧೂ ಎಂಬ ಕವಿಯು ಮತ್ತೊಂದು ‘ಜಸಹರಚರಿಉ’ವನ್ನು ಬರೆದನು; ಯಶೋಧರನ ಕಥೆಯ ಚಿತ್ರಸಹಿತ ಹಸ್ತಪ್ರತಿಗಳನ್ನು ಬರೆಯಿಸಿ ದಾನಮಾಡುವುದು ಆ ಕಡೆಯ ಶ್ರಾವಕರಿಗೆ ಪುಣ್ಯಕಾರ್ಯವಾಯಿತು.

ಇವರೆಲ್ಲರಲ್ಲಿ ನಮಗೆ ತುಂಬ ಪ್ರಿಯನಾದವನು ಗಂಧರ್ವನೆಂಬ ಸಾಧಾರಣ ಕವಿ. ವಿಕ್ರಮ ಶಕ ೧೩೬೫ರಲ್ಲಿ, ಎಂದರೆ ಕ್ರಿ. ಶ. ೧೩೦೮ರಲ್ಲಿ, ಯೋಗಿನೀಪುರವೆನಿಸಿದ ದಿಲ್ಲಿಯಲ್ಲಿ ವೀಸಲಸಾಹುವೆಂಬ ಶ್ರಾವಕನು ಪುಷ್ಪದಂತನ ಕಾವ್ಯವನ್ನು ಓದಿಸಿ ಕೇಳಿದನು. ಕೌಳಾಚಾರ್ಯನು ಅರಮನೆಗೆ ಬರುವ ಪ್ರಸಂಗವೂ, ಯಶೋಧರನ ಮದುವೆಯೂ, ಎಲ್ಲ ಪಾತ್ರಗಳ ಭವಾಂತರಗಳೂ ಇದರಲ್ಲಿ ವಿಸ್ತಾರವಾಗಿಲ್ಲವೆಂದು ಅವನಿಗೆ ಕೊರತೆ ತೋರಿತು. ಅವನ ಕೋರಿಕೆಯಂತೆ ಗಂಧರ್ವನು ಈ ಮೂರು ಭಾಗಗಳನ್ನು ರಚಿಸಿ ಕಾವ್ಯದೊಳಗೆ ಸೇರಿಸಿದನು. ಹಳೆಯ ಗ್ರಂಥಗಳಲ್ಲಿ ತಮ್ಮ ಪದ್ಯಗಳನ್ನು ಹೊಸೆದವರು ನಮ್ಮಲ್ಲಿ ಸಾವಿರ ಮಂದಿ. ಕುಮಾರವ್ಯಾಸನ ಪ್ರತಿಗಳನ್ನು ಕೂಡಿಸಿ ನೋಡಿದವರಿಗೆ ಆ ಕಷ್ಟ ಗೊತ್ತು. ಗಂಧರ್ವನು ಅವರಂತಲ್ಲ. ಯಾವ ಭಾಗವನ್ನು, ಯಾವ ವರ್ಷ, ಯಾರ ಮಾತಿನಿಂದ ಸೇರಿಸಿದೆನೆಂಬುದನ್ನು ಅಲ್ಲಲ್ಲಿಯೇ ಹೇಳಿ, ಮುಂದಿನದು ಪುಷ್ಪದಂತನದೆಂದು ಗುರುತು ಹಾಕಿಟ್ಟನು. ವಿದರ್ಭದ ಕಾರಂಜೆಯ ಜೈನಗ್ರಂಥಮಾಲೆಯಲ್ಲಿ ಪರಶುರಾಮ ಲಕ್ಷ್ಮಣ ವೈದ್ಯರು ೧೯೩೧ರಲ್ಲಿ ಈ ಕಾವ್ಯವನ್ನು ಮೊದಲ ಸಲ ಅಚ್ಚು ಮಾಡಿಸಿದಾಗ, ದಿಲ್ಲಿಯವನ ಮಾತುಗಳಿಂದ ಮಳಖೇಡದವನ ಮಾತುಗಳನ್ನು ಬೇರ್ಪಡಿಸಿ ತೋರಿಸಲು ಅವರಿಗೆ ನೆರವಾ‌ದದ್ದು ಆ ಗುರುತುಗಳೇ.